ಹಳ್ಳದ ನೀರಲ್ಲಿ ಚಿತ್ರ ಮಬ್ಬಾದರೆ: ಕಾಂಪ್ಯಾಕ್ಟ್ ಕ್ಯಾಮೆರಾದ ದೋಷ ಹುಡುಕುವ ಬಗೆ

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯ ಹಳ್ಳಗಳಲ್ಲಿ ಮೀನು, ಏಡಿ, ಗೊದಮೊಟ್ಟೆಗಳ ಚಿತ್ರ ತೆಗೆಯಲು ಹೊರಟವರ ದೂರು ಹೆಚ್ಚುಕಮ್ಮಿ ಒಂದೇ. ದಡದಲ್ಲಿ ಚೊಕ್ಕವಾಗಿ ಕೆಲಸ ಮಾಡುವ ಕ್ಯಾಮೆರಾ ನೀರೊಳಗೆ ಹೋದ ಕೂಡಲೇ ಮಬ್ಬು ಚಿತ್ರ ಕೊಡುತ್ತದೆ, ಬಣ್ಣ ಹಳದಿಗೋ ಹಸಿರಿಗೋ ತಿರುಗಿರುತ್ತದೆ, ಮೇಲೆ ಬಿಳಿ ಚುಕ್ಕೆ ಬೇರೆ. ಅಲ್ಲಿಂದ ಸೆಟ್ಟಿಂಗ್‌ಗಳ ಹುಡುಕಾಟ ಶುರುವಾಗುತ್ತದೆ. ಸಿಗುವ ಸಲಹೆಗಳೆಲ್ಲ ಸಮುದ್ರದಲ್ಲಿ ಹತ್ತು ಹದಿನೈದು ಮೀಟರ್ ಆಳಕ್ಕೆ ಇಳಿಯುವವರಿಗಾಗಿ ಬರೆದವು: ಕೆಂಪು ಫಿಲ್ಟರ್ ಹಾಕಿ, ಅಂಡರ್‌ವಾಟರ್ ಮೋಡ್ ಇಡಿ, ನೀಲಿ ಕಳೆಯಿರಿ ಎಂದು. ನಮ್ಮ ಹಳ್ಳ ಮೊಣಕಾಲುದ್ದ. ಮಡುವಿನಲ್ಲಿ ಎದೆಯುದ್ದ ಇದ್ದರೆ ಹೆಚ್ಚು. ನೀರಿನ ಬಣ್ಣ ನೀಲಿಯಲ್ಲ, ತರಗೆಲೆ ನೆನೆದ ಕಂದು. ಆ ಸೂತ್ರಗಳು ಇಲ್ಲಿ ನಡೆಯುವುದಿಲ್ಲ, ಎಷ್ಟೋ ಸಲ ಇದ್ದ ಚಿತ್ರವನ್ನೂ ಕೆಡಿಸುತ್ತವೆ.

ಕ್ಯಾಮೆರಾದ ದೋಷ ಎಂದು ನಾವು ಎಣಿಸುವುದರಲ್ಲಿ ಬಹುಪಾಲು ಲೆನ್ಸಿಗೂ ಮೀನಿಗೂ ನಡುವೆ ಇರುವ ಗಾಜು ಮತ್ತು ನೀರಿನ ದೋಷ. ಹಾಗಾಗಿ ಮೆನುಗೆ ಕೈ ಹಾಕುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಮಾಡಬೇಕು. ಇಲ್ಲಿ ಬರೆದಿರುವುದು ಸೋನಿ ಆರ್‌ಎಕ್ಸ್100 ಸರಣಿ, ಕ್ಯಾನನ್ ಜಿ7ಎಕ್ಸ್‌ನಂಥ ಒಂದಿಂಚಿನ ಸೆನ್ಸರಿನ ಕ್ಯಾಮೆರಾವನ್ನು ಹೌಸಿಂಗಿನಲ್ಲಿ (ನೀರು ಹೋಗದ ಹೊರಕವಚದಲ್ಲಿ) ಇಟ್ಟು ಬಳಸುವವರಿಗೆ. ಒಲಿಂಪಸ್ ಟಿಜಿ-6, ಓಎಂ ಸಿಸ್ಟಮ್ ಟಿಜಿ-7 ಹೌಸಿಂಗ್ ಇಲ್ಲದೆಯೇ 15 ಮೀಟರ್ ಆಳದ ತನಕ ನೀರು ತಡೆಯುತ್ತವೆ. ಅವುಗಳಿಗೂ ಮುಕ್ಕಾಲು ಭಾಗ ಹೊಂದುತ್ತದೆ.

ಮೊದಲು ಮೂರು ಚಿತ್ರ

ಒಂದು ಸ್ಟೀಲ್ ಸ್ಕೇಲು ಅಥವಾ ಲ್ಯಾಮಿನೇಟ್ ಮಾಡಿಸಿದ ಪತ್ರಿಕೆಯ ತುಂಡು ತೆಗೆದುಕೊಳ್ಳಿ. ಅದನ್ನು ಕ್ಯಾಮೆರಾಕ್ಕೆ ಎದುರಾಗಿ ನೇರ ಹಿಡಿಯದೆ, ಒಂದು ತುದಿ ಹತ್ತಿರ, ಇನ್ನೊಂದು ದೂರ ಇರುವಂತೆ ಓರೆಯಾಗಿ ಇಡಿ. ನಡುಭಾಗ ಸುಮಾರು 30 ಸೆಂಟಿಮೀಟರ್ ದೂರದಲ್ಲಿರಲಿ. ಮ್ಯಾನುಯಲ್ ಮೋಡ್, ಎಫ್/5.6, ಶಟರ್ 1/250, ಐಎಸ್‌ಒ ಆಟೋ, ಗರಿಷ್ಠ ಮಿತಿ 1600. ಟಿಜಿ ಸರಣಿಯಲ್ಲಿ ಪೂರ್ತಿ ಮ್ಯಾನುಯಲ್ ಇಲ್ಲ, ಅಪರ್ಚರ್ ಮೋಡ್ ಸಾಕು. ಫ್ಲ್ಯಾಶ್ ಬೇಡ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತಪ್ಪದೆ ಇರಲಿ.

ಇದೇ ಸ್ಕೇಲನ್ನು ಇದೇ ಸೆಟ್ಟಿಂಗಿನಲ್ಲಿ ಮೂರು ಕಡೆ ತೆಗೆಯಿರಿ. ಮೊದಲನೆಯದು ಹೌಸಿಂಗ್ ಹಾಕಿಕೊಂಡೇ ಮನೆಯಂಗಳದಲ್ಲಿ. ಎರಡನೆಯದು ತೊಟ್ಟಿಯಲ್ಲೋ ದೊಡ್ಡ ಟಬ್ಬಿನಲ್ಲೋ ಬಾವಿಯ ತಿಳಿನೀರು ತುಂಬಿ, ಅದರೊಳಗೆ. ಮೂರನೆಯದು ಹಳ್ಳದಲ್ಲಿ. ಮೂರನ್ನೂ ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಮೆರಾದ ಪುಟ್ಟ ಪರದೆ ನೋಡಿ ತೀರ್ಮಾನಿಸಬೇಡಿ.

ಅಂಗಳದ ಚಿತ್ರವೇ ಮಬ್ಬಾಗಿದ್ದರೆ ನೀರಿನ ಮಾತೇ ಬೇಡ. ಕ್ಯಾಮೆರಾವನ್ನು ಹೌಸಿಂಗಿನಿಂದ ತೆಗೆದು ಮತ್ತೊಂದು ಹೊಡೆಯಿರಿ. ಈಗ ಸರಿಯಾದರೆ ಪೋರ್ಟಿನ, ಅಂದರೆ ಲೆನ್ಸಿನ ಎದುರಿಗಿರುವ ಹೌಸಿಂಗಿನ ಗಾಜಿನ, ಒಳಮೈಯಲ್ಲಿ ಬೆರಳಿನ ಜಿಡ್ಡು ಇದೆ. ಓ-ರಿಂಗಿಗೆ (ಬಾಗಿಲಂಚಿನಲ್ಲಿ ನೀರು ತಡೆಯುವ ರಬ್ಬರ್ ಬಳೆಗೆ) ಗ್ರೀಸ್ ಹಚ್ಚಿದ ಕೈಯಲ್ಲೇ ಗಾಜು ಮುಟ್ಟುವುದು ಬಹಳ ಸಾಮಾನ್ಯ. ಪೋರ್ಟಿನ ಹೊರಮೈಯ ಸಣ್ಣ ಗೀರುಗಳಿಗೆ ಅಷ್ಟು ಹೆದರಬೇಕಿಲ್ಲ. ನೀರೊಳಗೆ ಆ ಗೀರುಗಳಲ್ಲಿ ನೀರೇ ತುಂಬಿಕೊಳ್ಳುವುದರಿಂದ ಚಿತ್ರದಲ್ಲಿ ಕಾಣುವುದು ಕಡಿಮೆ. ಒಳಮೈಯ ಗೀರಿಗೆ ಆ ರಿಯಾಯಿತಿ ಇಲ್ಲ.

ಅಂಗಳದ್ದು ಚೆನ್ನಾಗಿದ್ದು ತೊಟ್ಟಿಯದು ಕೆಟ್ಟಿದ್ದರೆ ದೋಷ ಪೋರ್ಟಿನಲ್ಲಿ ಅಥವಾ ಫೋಕಸ್ಸಿನಲ್ಲಿ. ಎರಡೂ ಚೆನ್ನಾಗಿದ್ದು ಹಳ್ಳದ್ದು ಮಾತ್ರ ಕೆಟ್ಟಿದ್ದರೆ ದೋಷ ನೀರಿನಲ್ಲಿ ಅಥವಾ ಬೆಳಕಿನಲ್ಲಿ. ಈ ವಿಂಗಡಣೆ ಆಗದೆ ಮುಂದೆ ಹೋಗುವುದು ವ್ಯರ್ಥ.

ಪೋರ್ಟಿನಲ್ಲಿ ಹಬೆ

ಮೊದಲ ಐದು ನಿಮಿಷ ಚಿತ್ರ ಚೆನ್ನಾಗಿ ಬಂದು, ಆಮೇಲೆ ನಡುಭಾಗದಿಂದ ಮಸುಕು ಹರಡುತ್ತಾ ಹೋದರೆ ಅದು ಹಬೆ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ. ನೀವು ಹೌಸಿಂಗ್ ಮುಚ್ಚುವಾಗ ಒಳಗೆ ಸಿಕ್ಕಿಕೊಳ್ಳುವ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕ್ಯಾಮೆರಾ ಓಡುತ್ತಾ ಬಿಸಿಯಾಗುತ್ತದೆ, ವಿಡಿಯೊ ಮಾಡಿದರಂತೂ ಇನ್ನೂ ಬೇಗ. ಹೊರಗಡೆ ಹಳ್ಳದ ನೀರು ತಣ್ಣಗೆ ಕೊರೆಯುತ್ತಿರುತ್ತದೆ. ಪಾಲಿಕಾರ್ಬನೇಟ್ ಹೌಸಿಂಗಿನ ದಪ್ಪ ಗೋಡೆ ನಿಧಾನ ತಣ್ಣಗಾಗುತ್ತದೆ, ಗಾಜಿನ ಪೋರ್ಟ್ ಬೇಗ ತಣ್ಣಗಾಗುತ್ತದೆ. ಒಳಗಿನ ತೇವಕ್ಕೆ ಕೂರಲು ಸಿಗುವ ಮೊದಲ ತಣ್ಣನೆಯ ಜಾಗ ಲೆನ್ಸಿನ ಎದುರಿನ ಗಾಜೇ.

ಲೆನ್ಸ್ ಒರೆಸಿದರೆ ಇದು ಹೋಗುವುದಿಲ್ಲ. ಹಳ್ಳದ ದಡದಲ್ಲಿ ಹೌಸಿಂಗ್ ತೆರೆದು ಒರೆಸಿದರೆ ಇನ್ನಷ್ಟು ಒದ್ದೆ ಗಾಳಿ ಒಳಗೆ ಹೋಗಿ ಸಮಸ್ಯೆ ಬೆಳೆಯುತ್ತದೆ. ಮುಚ್ಚುವ ಕೆಲಸ ಮನೆಯಲ್ಲೇ ಆಗಬೇಕು, ಅದರ ತಯಾರಿ ಹಿಂದಿನ ರಾತ್ರಿಯೇ ಶುರುವಾಗಬೇಕು. ಕ್ಯಾಮೆರಾ ಮತ್ತು ತೆರೆದ ಹೌಸಿಂಗ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ರಾತ್ರಿ ಕಳೆದ ಮೇಲೆ ಹೊರತೆಗೆದು ತಡಮಾಡದೆ ಮುಚ್ಚಿ. ಒಳಗೆ ಒಂದೆರಡು ಸಣ್ಣ ಸಿಲಿಕಾ ಪೊಟ್ಟಣ ಸೇರಿಸಿ. ಅದು ಓ-ರಿಂಗಿಗೆ ತಾಗುವಂತಿರಬಾರದು, ಜೂಮ್ ಮಾಡಿದಾಗ ಲೆನ್ಸಿಗೆ ಅಡ್ಡ ಬರಬಾರದು. ಎಸಿ ಇರುವ ಕಾರಿದ್ದರೆ ಎಸಿ ಹಾಕಿಕೊಂಡು ಒಳಗೆ ಕೂತು ಮುಚ್ಚುವುದೂ ಒಳ್ಳೆಯ ಉಪಾಯವೇ, ಎಸಿ ಗಾಳಿಯ ತೇವ ತೆಗೆಯುತ್ತದೆ.

ಸಿಲಿಕಾ ಜೆಲ್ ಸತ್ತಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಕಿತ್ತಳೆ ಬಣ್ಣದ ಮಣಿ ತೇವ ಹೀರಿದಾಗ ಹಸಿರಾಗುತ್ತದೆ, ನೀಲಿ ಮಣಿ ಗುಲಾಬಿಯಾಗುತ್ತದೆ. ಬಿಸಿ ಮಾಡಿದರೆ ಮತ್ತೆ ಜೀವ ಬರುತ್ತದೆ. ನೀಲಿ ಮಣಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಪಾತ್ರೆಯಲ್ಲಿ ಅದನ್ನು ಹುರಿಯಬೇಡಿ. ಕೊಳ್ಳುವಾಗ ಕಿತ್ತಳೆಯದನ್ನೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮಣಿಗಳು ಬಿಟ್ಟಿಟ್ಟರೆ ಸಾಕು ಬಣ್ಣ ಬದಲಿಸುತ್ತವೆ.

ಹಬೆಗೂ ಸೋರಿಕೆಗೂ ವ್ಯತ್ಯಾಸ ಸುಲಭ. ಗಾಜಿನ ಮೇಲೆ ತೆಳುವಾಗಿ ಹರಡಿದ್ದು ಹಬೆ. ತಳದಲ್ಲಿ ಹನಿಯಾಗಿ ನಿಂತು, ಅಲುಗಿಸಿದರೆ ಉರುಳುವುದು ಸೋರಿಕೆ. ಎರಡನೆಯದು ಕಂಡರೆ ಕೂಡಲೇ ಮೇಲೆ ಬನ್ನಿ.

ಮಸುಕು ಇಡೀ ಚಿತ್ರದಲ್ಲಿಲ್ಲದೆ ಒಂದೆರಡು ಕಡೆ ದುಂಡಗೆ ಕಂಡರೆ ಪೋರ್ಟಿನ ಹೊರಗೆ ಗಾಳಿಗುಳ್ಳೆ ಅಂಟಿಕೊಂಡಿದೆ. ಕಲ್ಲುಗಳ ಮೇಲೆ ಧುಮುಕುವ ನೀರಿನಲ್ಲಿ ಇದು ಪದೇ ಪದೇ ಆಗುತ್ತದೆ. ನೀರೊಳಗೇ ಬೆರಳಿನಿಂದ ಸವರಿ. ಕ್ಲೋಸಪ್ ವೆಟ್ ಲೆನ್ಸ್ (ಪೋರ್ಟಿನ ಹೊರಗೆ ತಿರುಗಿಸಿ ಕೂರಿಸುವ ಹೆಚ್ಚುವರಿ ಲೆನ್ಸ್) ಹಾಕಿದ್ದರೆ, ಅದಕ್ಕೂ ಪೋರ್ಟಿಗೂ ನಡುವೆ ಪೂರ್ತಿ ನೀರು ತುಂಬಿರಬೇಕು. ನೀರಿಗಿಳಿಸಿದ ಮೇಲೆ ಲೆನ್ಸನ್ನು ಒಂದು ಸುತ್ತು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿ ಮಾಡಿ.

ಫೋಕಸ್: ಸ್ಕೇಲು ಹೇಳುವುದನ್ನು ಓದಿ

ತೊಟ್ಟಿಯ ಚಿತ್ರದಲ್ಲಿ ಸ್ಕೇಲಿನ ಯಾವ ಅಂಕಿ ಚೂಪಾಗಿದೆ ನೋಡಿ. ಹತ್ತಿರದ್ದೋ ದೂರದ್ದೋ ಚೂಪಾಗಿ, ನಡುವಿನದು ಮಸುಕಾಗಿದ್ದರೆ ಫೋಕಸ್ ಬೇರೆ ಕಡೆ ಕೂತಿದೆ. ಯಾವ ಅಂಕಿಯೂ ಚೂಪಿಲ್ಲ, ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಎಳೆದಂತಿವೆ ಎಂದರೆ ಕೈ ಅಲುಗಿದೆ, ಶಟರ್ ವೇಗ ಏರಿಸಿ. ನಡುವೆ ಚೂಪಾಗಿ ನಾಲ್ಕು ಮೂಲೆ ಮಾತ್ರ ಎಳೆದುಕೊಂಡು ಬಣ್ಣದ ಅಂಚು ಕಟ್ಟಿದ್ದರೆ ಅದು ಚಪ್ಪಟೆ ಪೋರ್ಟಿನ ಸ್ವಭಾವ. ಎಫ್/5.6ರಿಂದ ಎಫ್/8ಕ್ಕೆ ಹೋದರೆ ತುಸು ತಗ್ಗುತ್ತದೆ. ಒಂದಿಂಚಿನ ಸೆನ್ಸರಿನಲ್ಲಿ ಅದಕ್ಕಿಂತ ಮುಚ್ಚಿದರೆ ಡಿಫ್ರ್ಯಾಕ್ಷನ್ನಿನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ.

ನೀರಿನ ವಕ್ರೀಭವನ ಸೂಚ್ಯಂಕ 1.33. ಹಾಗಾಗಿ ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದಾಗ ವಸ್ತು ಇರುವ ದೂರದ ಮುಕ್ಕಾಲು ಪಾಲಿನಷ್ಟೇ ಹತ್ತಿರ ಇದ್ದಂತೆ ಕಾಣುತ್ತದೆ: 40 ಸೆಂಟಿಮೀಟರ್ ಆಚೆಯ ಏಡಿ 30ರಲ್ಲಿ ಇದ್ದಂತೆ. ಕ್ಯಾಮೆರಾವೂ 30ಕ್ಕೇ ಫೋಕಸ್ ಮಾಡುತ್ತದೆ, ಆಟೋಫೋಕಸ್ಸಿನಲ್ಲಿ ಇದರಿಂದ ತೊಂದರೆ ಇಲ್ಲ. ಮ್ಯಾನುಯಲ್ ಫೋಕಸ್ಸಿನಲ್ಲಿ ದೂರವನ್ನು ಅಳತೆಪಟ್ಟಿ ನೋಡಿ ಇಡುವವರಿಗೆ ಮಾತ್ರ ಲೆಕ್ಕ ತಪ್ಪುತ್ತದೆ. ಇದೇ ಕಾರಣಕ್ಕೆ 24 ಎಂಎಂ ವೈಡ್ ನೀರೊಳಗೆ 32 ಎಂಎಂನಷ್ಟು ಇಕ್ಕಟ್ಟಾಗುತ್ತದೆ. ಹೌಸಿಂಗ್ ಲೆನ್ಸನ್ನು ಹಿಂದಕ್ಕೆ ತಳ್ಳಿದೆ ಎಂದು ಅನುಮಾನಿಸಬೇಕಿಲ್ಲ.

ಫೋಕಸ್ ಕೂರದೆ ಲೆನ್ಸ್ ಹಿಂದೆ ಮುಂದೆ ಓಡುತ್ತಲೇ ಇದ್ದರೆ ಮೊದಲು ಜೂಮ್ ನೋಡಿ. ಆರ್‌ಎಕ್ಸ್100 ಮೂರನೇ ಮಾದರಿ ವೈಡ್ ತುದಿಯಲ್ಲಿ 5 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಮಾಡುತ್ತದೆ. ಅದೇ ಲೆನ್ಸಿಗೆ ಟೆಲಿ ತುದಿಯಲ್ಲಿ 30 ಸೆಂಟಿಮೀಟರ್ ಬೇಕು. ಗೊದಮೊಟ್ಟೆಯ ಹತ್ತಿರ ಹೋಗಿ ಜೂಮ್ ಕೂಡ ಮಾಡಿದರೆ ಅದು ಯಾವತ್ತೂ ಕೂರುವುದಿಲ್ಲ. ಜೂಮ್ ಬಿಟ್ಟು ಇನ್ನೂ ಹತ್ತಿರ ಹೋಗಿ, ಇಲ್ಲವೇ ವೆಟ್ ಲೆನ್ಸ್ ಹಾಕಿ. ಟಿಜಿ ಸರಣಿಯ ಮೈಕ್ರೊಸ್ಕೋಪ್ ಮೋಡ್ 1 ಸೆಂಟಿಮೀಟರಿನಿಂದ ಫೋಕಸ್ ಮಾಡುತ್ತದೆ. ಕಲ್ಲಿಗಂಟಿದ ಹುಳ, ಕಪ್ಪೆಮೊಟ್ಟೆಗಳಿಗೆ ಅದರಷ್ಟು ಅನುಕೂಲದ್ದು ಕಾಂಪ್ಯಾಕ್ಟುಗಳಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಜೂಮ್ ಸರಿ ಇದ್ದೂ ಓಡುತ್ತಿದ್ದರೆ ಫೋಕಸ್ ಏರಿಯಾವನ್ನು ಮಲ್ಟಿಯಿಂದ ನಡುವಿನ ಒಂದೇ ಬಿಂದುವಿಗೆ ತನ್ನಿ, ಮುಖ ಗುರುತಿಸುವುದನ್ನು ಆರಿಸಿ. ಮಲ್ಟಿಯಲ್ಲಿ ಎದುರಿಗೆ ತೇಲಿಬಂದ ಎಲೆಯೇ ಕ್ಯಾಮೆರಾಕ್ಕೆ ಮುಖ್ಯವಾಗಿಬಿಡುತ್ತದೆ. ಮರದ ನೆರಳಿನ ಗುಂಡಿಗಳಲ್ಲಿ ಬೆಳಕೂ ಕಡಿಮೆ, ಅಂಚುಗಳೂ ಮಸುಕು. ಅಲ್ಲಿ ಸಣ್ಣ ಟಾರ್ಚ್ ಹಿಡಿದರೆ ಫೋಕಸ್ ಹಿಡಿಯುತ್ತದೆ.

ಬಣ್ಣ: ಯಾವ ಪಾಲು ಖಾಲಿ?

ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲೆ-ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ, ಎಡ ತುದಿ ಕತ್ತಲೆ) ಅನ್ನು ಕೆಂಪು, ಹಸಿರು, ನೀಲಿ ಮೂರಾಗಿ ತೋರಿಸುವ ಸೌಲಭ್ಯ ಈ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಇದೆ. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ನೋಡಿ. ಬಣ್ಣದ ದೋಷವನ್ನು ಹೇಳುವುದು ಅದೇ.

ತಿಳಿ ಸಮುದ್ರದಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಐದು ಮೀಟರ್ ಇಳಿಯುವಷ್ಟರಲ್ಲೇ ಅದರ ಬಹುಪಾಲು ಹೋಗಿರುತ್ತದೆ. ಅಲ್ಲಿ ಕೆಂಪಿನ ಹಿಸ್ಟೋಗ್ರಾಮ್ ಎಡಕ್ಕೆ ಒತ್ತಿಕೊಂಡಿರುತ್ತದೆ, ಕೆಂಪು ಫಿಲ್ಟರ್, ಅಂಡರ್‌ವಾಟರ್ ಮೋಡ್ ಎಲ್ಲ ಅದನ್ನು ತುಂಬಲು. ನಮ್ಮ ಹಳ್ಳಗಳಿಗೆ ಕಾಡಿನ, ತೋಟದ ತರಗೆಲೆ ಬಿದ್ದು ಕೊಳೆಯುತ್ತದೆ. ಅದರಿಂದ ಬಿಡುವ ಟ್ಯಾನಿನ್‌ನಂಥ ವಸ್ತುಗಳು ನುಂಗುವುದು ನೀಲಿಯನ್ನು. ಆಳ ಮೊಣಕಾಲಷ್ಟೇ ಆದ್ದರಿಂದ ಕೆಂಪು ಅಷ್ಟಾಗಿ ಹೋಗಿರುವುದೇ ಇಲ್ಲ. ಹಾಗಾಗಿ ಇಲ್ಲಿ ಖಾಲಿ ಬೀಳುವುದು ನೀಲಿ ಪಾಲು. ಈ ನೀರಿನಲ್ಲಿ ಅಂಡರ್‌ವಾಟರ್ ಮೋಡ್ ಇಟ್ಟರೆ ಇರುವ ಕೆಂಪಿಗೆ ಇನ್ನಷ್ಟು ಕೆಂಪು ಸೇರಿ ಚಿತ್ರ ಹೆಂಚಿನ ಬಣ್ಣಕ್ಕೆ ಬರುತ್ತದೆ. ಅಂಥ ಚಿತ್ರ ಬಂದಿದ್ದರೆ ದೋಷ ಬೇರೆಲ್ಲೂ ಹುಡುಕಬೇಡಿ, ಆ ಮೋಡ್ ತೆಗೆಯಿರಿ. ಕೆಂಪು ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಉಳಿದಿರುವ ಅಷ್ಟಿಷ್ಟು ನೀಲಿಯನ್ನೂ ಅದು ತಡೆಯುತ್ತದೆ.

ಹಿರೇಕೊಳಲೆ, ಅಯ್ಯನಕೆರೆಯಂಥ ಕೆರೆಗಳಲ್ಲಿ ಪಾಚಿ ಹೆಚ್ಚಿದಾಗ ಇನ್ನೊಂದು ಬಗೆ. ಪಾಚಿಯ ಹಸಿರು ಕೆಂಪು-ನೀಲಿ ಎರಡನ್ನೂ ಹೀರಿ ಹಸಿರನ್ನಷ್ಟೇ ಬಿಡುತ್ತದೆ. ಅಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಬಣ್ಣ ಸರಿಪಡಿಸುವ) ಹೊಂದಾಣಿಕೆಯಲ್ಲಿ ಹಸಿರಿನಿಂದ ಮೆಜೆಂಟಾ ಕಡೆಗೆ ಸರಿಸುವುದು ಕೆಲಸ ಮಾಡುತ್ತದೆ.

ಹಳ್ಳದಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡುವುದೇ ಸರಿ. ಹೊಳಪಿಲ್ಲದ ಬಿಳಿ ಅಥವಾ ಬೂದು ಪ್ಲಾಸ್ಟಿಕ್ ತುಂಡನ್ನು ಮೀನು ಇರುವಷ್ಟೇ ದೂರದಲ್ಲಿ, ಅಷ್ಟೇ ಆಳದಲ್ಲಿ ಹಿಡಿದು ಅಳೆಯಿರಿ. ದಡದಲ್ಲಿ ಅಳೆದು ನೀರಿಗಿಳಿದರೆ ಅಳೆದೂ ಅಳೆಯದಂತೆ. ಜಾಗ ಬದಲಿಸಿದರೆ, ಮೋಡ ಬಂದರೆ ಮತ್ತೆ ಅಳೆಯಬೇಕು. ಬಣ್ಣ ತನ್ನ ಮಿತಿಯಾಚೆ ಇದ್ದರೆ ಕ್ಯಾಮೆರಾ ಎರರ್ ತೋರಿಸುತ್ತದೆ. ಅದು ಕೆಟ್ಟಿದೆ ಎಂದಲ್ಲ, ಇನ್ನೂ ಹತ್ತಿರಕ್ಕೆ, ಇನ್ನೂ ಮೇಲಕ್ಕೆ ಬಂದು ಅಳೆಯಿರಿ. ಹಿಸ್ಟೋಗ್ರಾಮಿನಲ್ಲಿ ಒಂದು ಬಣ್ಣ ಪೂರ್ತಿ ಖಾಲಿಯಾಗಿದ್ದರೆ ವೈಟ್ ಬ್ಯಾಲೆನ್ಸ್‌ನಿಂದ ಅದನ್ನು ಹುಟ್ಟಿಸಲಾಗದು, ಹಿಗ್ಗಿಸಿದರೆ ಬರುವುದು ನಾಯ್ಸ್ ಮಾತ್ರ. ಆಗ ಬೇಕಾದದ್ದು ಹತ್ತಿರದಿಂದ ಬೀಳುವ ಬಿಳಿ ಬೆಳಕು.

ಸ್ಟ್ರೋಬ್ (ನೀರೊಳಗೆ ಬಳಸುವ ಪ್ರತ್ಯೇಕ ಫ್ಲ್ಯಾಶ್) ಬಳಸುವಾಗ ಮಾತ್ರ ಕಸ್ಟಮ್ ವೈಟ್ ಬ್ಯಾಲೆನ್ಸ್ ಬಿಟ್ಟು ಫ್ಲ್ಯಾಶ್ ಅಥವಾ ಡೇಲೈಟ್‌ಗೆ ಬನ್ನಿ. ಇಲ್ಲದಿದ್ದರೆ ಹಳದಿ ನೀರಿಗೆಂದು ಸೇರಿಸಿದ ನೀಲಿಯೆಲ್ಲ ಮೀನಿನ ಮೈಮೇಲೆ ಬೀಳುತ್ತದೆ.

ಬಿಳಿ ಚುಕ್ಕೆಗಳು

ಹಿಮ ಬಿದ್ದಂತೆ ಚುಕ್ಕೆಗಳಿದ್ದರೆ ಮೊದಲು ಕ್ಯಾಮೆರಾದ ಫ್ಲ್ಯಾಶ್ ಆರಿಸಿ ಅದೇ ಚಿತ್ರ ಇನ್ನೊಮ್ಮೆ ತೆಗೆಯಿರಿ. ಚುಕ್ಕೆ ಮಾಯವಾದರೆ ಅದು ಬ್ಯಾಕ್‌ಸ್ಕ್ಯಾಟರ್: ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್ ನೀರಲ್ಲಿ ತೇಲುವ ಮಣ್ಣಿನ ಕಣಗಳಿಗೆ ಬಡಿದು ನೇರ ಹಿಂದಕ್ಕೆ ಬರುತ್ತಿದೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಮುಸುಕಿದಾಗ ಹೈಬೀಮ್ ಹಾಕಿದರೆ ರಸ್ತೆ ಕಾಣದೆ ಬರೀ ಬಿಳಿ ಗೋಡೆ ಕಾಣುವುದು ಇದೇ ಕಾರಣಕ್ಕೆ. ಸ್ಟ್ರೋಬನ್ನು ತೋಳಿನ ಮೇಲೆ ಕ್ಯಾಮೆರಾದಿಂದ ದೂರಕ್ಕೆ ಸರಿಸಿ, ಪೋರ್ಟಿಗಿಂತ ತುಸು ಹಿಂದಕ್ಕೆ ಎಳೆದು, ಹೊರಮುಖವಾಗಿ ತಿರುಗಿಸಿ. ಬೆಳಕಿನ ಅಂಚಷ್ಟೇ ಮೀನಿಗೆ ತಾಗಿದರೆ ಸಾಕು. ಸ್ಟ್ರೋಬ್ ಇಲ್ಲದವರು ಫ್ಲ್ಯಾಶ್ ಮರೆತುಬಿಡುವುದೇ ಮೇಲು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ, ಬಿಸಿಲು ನೆತ್ತಿಯ ಮೇಲಿರುವಾಗ ಹೋಗಿ. ಆಗ ಆಳವಿಲ್ಲದ ನೀರಿನ ತಳದಲ್ಲಿ ಬಿಳಿ ಬಲೆಯಂತೆ ಗೆರೆಗಳು ಆಡಿ ಚಿತ್ರ ಸುಟ್ಟಂತಾಗುತ್ತದೆ, ಅದೂ ದೋಷವಲ್ಲ. ಜೊತೆಯವರು ಒಂದು ಕೊಡೆ ಅಡ್ಡ ಹಿಡಿದರೆ ಸರಿಯಾಗುತ್ತದೆ.

ಸ್ಟ್ರೋಬ್ ಮಿಂಚುವುದು ಕಣ್ಣಿಗೆ ಕಾಣುತ್ತದೆ, ಚಿತ್ರದಲ್ಲಿ ಮಾತ್ರ ಕತ್ತಲೆ ಎಂದಾದರೆ ಅದು ಪ್ರೀಫ್ಲ್ಯಾಶ್‌ಗೆ (ಚಿತ್ರಕ್ಕೆ ಮುಂಚೆ ಬೆಳಕು ಅಳೆಯಲು ಕ್ಯಾಮೆರಾ ಮಿಂಚಿಸುವ ಸಣ್ಣ ಬೆಳಕಿಗೆ) ಮಿಂಚಿ ಮುಗಿಸಿದೆ. ಸ್ಟ್ರೋಬಿನಲ್ಲಿ ಪ್ರೀಫ್ಲ್ಯಾಶನ್ನು ಲೆಕ್ಕಿಸದೆ ಬಿಡುವ ಆಯ್ಕೆ ಹಾಕಿ. ಮಿಂಚುವುದೇ ಇಲ್ಲವೆಂದರೆ ಕ್ಯಾಮೆರಾದ ಫ್ಲ್ಯಾಶಿನ ಬೆಳಕನ್ನು ಸ್ಟ್ರೋಬಿಗೆ ಒಯ್ಯುವ ಫೈಬರ್ ಕೇಬಲ್ ಕಳಚಿರಬಹುದು, ಅಥವಾ ಹೌಸಿಂಗ್ ಮುಚ್ಚುವ ಮೊದಲು ಕ್ಯಾಮೆರಾದ ಪಾಪ್‌ಅಪ್ ಫ್ಲ್ಯಾಶ್ ಎಬ್ಬಿಸಿಲ್ಲ. ಸ್ಟ್ರೋಬ್ ಇಲ್ಲದೆಯೂ ಚಿತ್ರಗಳೆಲ್ಲ ಕಪ್ಪಾಗಿ ಬರುತ್ತಿದ್ದರೆ ಪರದೆಯ ಹೊಳಪು ತಗ್ಗಿಸಿ. ನೆರಳಿನ ನೀರಲ್ಲಿ ಹೊಳೆಯುವ ಪರದೆ ಚಿತ್ರವನ್ನು ಇರುವುದಕ್ಕಿಂತ ಬೆಳ್ಳಗೆ ತೋರಿಸುತ್ತದೆ.

ನೀರೇ ಸರಿ ಇಲ್ಲದಿದ್ದರೆ

ತೊಟ್ಟಿಯ ಚಿತ್ರ ಚೊಕ್ಕ, ಹಳ್ಳದ್ದು ಫ್ಲ್ಯಾಶ್ ಇಲ್ಲದೆಯೂ ಹಾಲು ಬೆರೆಸಿದಂತೆ ಎಂದರೆ ಕ್ಯಾಮೆರಾವನ್ನು ಬಿಟ್ಟು ನೀರು ನೋಡಿ. ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ಜೊತೆಯವರು ದೂರ ಹೋಗಲಿ, ನೀರೊಳಗೆ ಲೋಟ ಎಷ್ಟು ದೂರದಲ್ಲಿ ಮರೆಯಾಗುತ್ತದೋ ಅದರ ಐದರಲ್ಲಿ ಒಂದು ಪಾಲಿಗಿಂತ ದೂರದಿಂದ ಚಿತ್ರ ತೆಗೆಯಬೇಡಿ. ಎರಡು ಮೀಟರ್ ಕಾಣುವ ನೀರಾದರೆ 40 ಸೆಂಟಿಮೀಟರ್.

ಮಳೆಗಾಲದಲ್ಲಿ ಹೇಮಾವತಿಯಾಗಲಿ ಭದ್ರೆಯಾಗಲಿ ಕೆಂಪು ಹೊತ್ತು ಹರಿಯುವಾಗ ಯಾವ ಸೆಟ್ಟಿಂಗೂ ಇಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆಯೂ ಎರಡು ವಿಷಯ ಗಮನಿಸಿ. ಅರೇಬಿಕಾ ಕಾಫಿ ಕೊಯ್ಲಿನ ದಿನಗಳಲ್ಲಿ ಮೇಲೆಲ್ಲೋ ಪಲ್ಪಿಂಗ್ ನೀರು (ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು) ಹಳ್ಳಕ್ಕೆ ಸೇರಿದರೆ ನೀರು ಕಪ್ಪಿಟ್ಟು, ನೊರೆ ಕಟ್ಟಿ, ಹುಳಿ ವಾಸನೆ ಬರುತ್ತದೆ. ಅಲ್ಲಿ ಕ್ಯಾಮೆರಾ ಇಳಿಸುವುದಕ್ಕಿಂತ ಮೀನುಗಳ ಗತಿ ಏನೆಂದು ಯೋಚಿಸಬೇಕು. ಆಮ್ಲಜನಕ ತಗ್ಗಿ ಅವು ಸಾಯುತ್ತವೆ. ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆಂದು ಸ್ಪ್ರಿಂಕ್ಲರ್ ಓಡಿಸಲು ಹಳ್ಳಕ್ಕೆ ಪಂಪ್ ಹಾಕಿದಾಗ ನೀರು ಇಳಿದು ತಳದ ರಾಡಿ ಏಳುತ್ತದೆ. ಪಂಪ್ ಇರುವ ಜಾಗಕ್ಕಿಂತ ಮೇಲಕ್ಕೆ ಹೋಗಿ.

ನಿಮ್ಮ ಕಾಲಿನಿಂದ ಏಳುವ ರಾಡಿಯೇ ಎಲ್ಲಕ್ಕಿಂತ ಹೆಚ್ಚು. ಮೀನು ಇರುವ ಜಾಗಕ್ಕೆ ಹರಿವಿನ ಮೇಲಿನಿಂದ ಇಳಿದರೆ ಕೆಸರು ನೇರ ಅದರ ಮೇಲೆ ಹೋಗುತ್ತದೆ. ಮೀನು ಹರಿವಿಗೆ ಎದುರುಮುಖವಾಗಿ ನಿಲ್ಲುವುದರಿಂದ ಪೂರ್ತಿ ಕೆಳಗಿನಿಂದ ಬಂದರೆ ಬಾಲವಷ್ಟೇ ಸಿಗುತ್ತದೆ. ಪಕ್ಕದಿಂದ, ತುಸು ಕೆಳಗಡೆಯಿಂದ ಬಂದು, ಮರಳಿಗಿಂತ ಕಲ್ಲಿನ ಮೇಲೆ ಊರಿಕೊಂಡು, ಅಲುಗದೆ ಕಾಯಿರಿ. ಕಲ್ಲಿನ ಪಾಚಿ ಕೆರೆಯುವ ಗಾರಾ ಮೀನುಗಳು ಮರಳಿ ಬರುವ ಹೊತ್ತಿಗೆ ನೀರೂ ತಿಳಿಯಾಗಿರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯದೊಳಗಿನ ಹಳ್ಳಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯುವಂತಿಲ್ಲ. ಶೃಂಗೇರಿಯ ತುಂಗೆಯ ಮೀನುಗಳನ್ನು ಮೆಟ್ಟಿಲ ಮೇಲಿನಿಂದಲೇ ತೆಗೆಯಿರಿ, ಪೋಲರೈಸರ್ ಹಾಕಿದರೆ ನೀರಿನ ಹೊಳಪು ಕಳೆದು ಚೆನ್ನಾಗಿಯೇ ಕಾಣುತ್ತವೆ.

ಹನಿ ಕಂಡರೆ

ಹಳ್ಳ ಆಳವಿಲ್ಲ, ಸೋರುವುದಿಲ್ಲ ಎಂಬ ಧೈರ್ಯ ಬೇಡ. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ಹೌಸಿಂಗಿನ ಬಾಗಿಲನ್ನು ಓ-ರಿಂಗ್ ಮೇಲೆ ಗಟ್ಟಿಯಾಗಿ ಒತ್ತುತ್ತದೆ. ಮೊಣಕಾಲುದ್ದ ನೀರಲ್ಲಿ ಆ ನೆರವಿಲ್ಲ. ಓ-ರಿಂಗ್ ಮೇಲೆ ಒಂದು ಕೂದಲೆಳೆ, ಒಂದು ಮರಳಿನ ಕಾಳು ಸಾಕು. ಜಲಪಾತದ ಬುಡದಲ್ಲಂತೂ ಧುಮುಕುವ ನೀರು ಹೌಸಿಂಗಿನ ಗುಂಡಿಗಳ (ಬಟನ್‌ಗಳ) ಸೀಲಿಗೆ ನೇರ ಬಡಿಯುತ್ತದೆ.

ಸೋರುವ ಜಾಗ ಹುಡುಕಲು ಕ್ಯಾಮೆರಾ ಹೊರಗಿಟ್ಟು, ಹೌಸಿಂಗಿನೊಳಗೆ ಅಂಚಿನ ಸುತ್ತ ಟಿಶ್ಯೂ ಪೇಪರ್ ಹಾಸಿ ಮುಚ್ಚಿ, ತೊಟ್ಟಿಯಲ್ಲಿ ಭಾರ ಹೇರಿ ಅರ್ಧ ಗಂಟೆ ಮುಳುಗಿಸಿ. ಒಂದೊಂದು ಗುಂಡಿಯನ್ನೂ ಹಲವು ಸಲ ಒತ್ತಿ. ಹೊರಮೈ ಪೂರ್ತಿ ಒರೆಸಿದ ಮೇಲೆ ತೆರೆಯಿರಿ. ಪೇಪರ್ ಬಾಗಿಲಂಚಿನಲ್ಲಿ ಒದ್ದೆಯಾಗಿದ್ದರೆ ಓ-ರಿಂಗ್ ತೆಗೆದು ಸ್ವಚ್ಛಮಾಡಿ. ತೆಗೆಯಲು ಪಿನ್ನು, ಸೂಜಿ ಬೇಡ. ಗ್ರೀಸ್ ಹೌಸಿಂಗ್ ತಯಾರಕರು ಹೇಳಿದ್ದೇ ಆಗಬೇಕು, ಬೇರೆಯದರಿಂದ ಕೆಲವು ರಿಂಗುಗಳು ಉಬ್ಬುತ್ತವೆ. ಮೈ ಮಿರುಗುವಷ್ಟು ತೆಳುವಾಗಿ ಹಚ್ಚಿದರೆ ಸಾಕು. ಗುಂಡಿಯ ಬುಡದಲ್ಲಿ ಒದ್ದೆಯಾಗಿದ್ದರೆ ಮನೆಯಲ್ಲಿ ಬಿಚ್ಚಬೇಡಿ, ಅದು ರಿಪೇರಿಯವರ ಕೆಲಸ.

ನೀರು ಕ್ಯಾಮೆರಾಕ್ಕೆ ತಾಗಿಯೇಬಿಟ್ಟಿದ್ದರೆ ಕೆಲಸ ಮಾಡುತ್ತಿದೆಯೇ ನೋಡೋಣ ಎಂದು ಪವರ್ ಗುಂಡಿ ಒತ್ತಬೇಡಿ. ಹೌಸಿಂಗಿನ ಪೋರ್ಟ್ ಕೆಳಮುಖವಾಗಿ ಹಿಡಿದು ದಡಕ್ಕೆ ಬನ್ನಿ, ನೀರು ಪರದೆ, ಬ್ಯಾಟರಿಯ ಕಡೆಗೆ ಹೋಗದೆ ಪೋರ್ಟಿನಲ್ಲೇ ನಿಲ್ಲುತ್ತದೆ. ಬ್ಯಾಟರಿ ಮತ್ತು ಕಾರ್ಡ್ ಹೊರತೆಗೆಯಿರಿ. ಒಲೆಯ ಮೇಲೆ, ಬಿಸಿಲಲ್ಲಿ ಇಡಬೇಡಿ. ಸಿಲಿಕಾ ತುಂಬಿದ ಡಬ್ಬಿಯಲ್ಲಿ ಎಲ್ಲ ಬಾಗಿಲು ತೆರೆದಿಟ್ಟು ಕೆಲವು ದಿನ ಬಿಡಿ. ಒದ್ದೆಯಾದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕದೆ ಹೊಸದನ್ನೇ ತನ್ನಿ.